ಮುಂದಿನ ವರ್ಷ ಆರಿಸಬೇಕಿದ್ದ ಸೀರೆ

ಬೆಂಗಳೂರಿನಲ್ಲಿ ಮೂರು ದಿನ ಇದ್ದೆವು ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಐದು ದಿನವೂ ಇದ್ದಿರಬಹುದು. ಆಸ್ಪತ್ರೆಗೆ ಹೋದ ದಿನ ಯಾವುದು, ಅಂಗಡಿ ಸುತ್ತಿದ ದಿನ ಯಾವುದು ಎಂದು ಬಿಡಿಸಿ ಇಡಲು ಈಗ ಆಗುವುದಿಲ್ಲ. ಅರವತ್ತರ ದಶಕದ ಆರಂಭ, ಅವರೆಕಾಯಿಯ ಕಾಲ. ಇಷ್ಟನ್ನು ಮಾತ್ರ ನಂಬಬಹುದು.

ಅಮ್ಮನ ಹೊಟ್ಟೆಯ ಗಡ್ಡೆಯನ್ನು ತೋರಿಸಲು ಅವಳನ್ನು ಕರೆದುಕೊಂಡು ತುಮಕೂರಿನ ಆಚೆಯ ನಮ್ಮ ಊರಿನಿಂದ ಬಂದಿದ್ದೆ. ನನಗೆ ಹದಿನೆಂಟು. ಚಿಕ್ಕಮ್ಮ ಜಯನಗರದಲ್ಲಿ ಮನೆ ಕಟ್ಟಿಸಿ ವರ್ಷವಾಗಿತ್ತು. ಅಕ್ಕಪಕ್ಕ ಇನ್ನೂ ಖಾಲಿ ಸೈಟುಗಳು, ಸುಣ್ಣ ಬಳಿದ ಗಡಿಕಲ್ಲುಗಳು, ಅವುಗಳ ನಡುವೆ ಮೇಯುವ ದನ. ಹಿತ್ತಿಲಲ್ಲಿ ನಿಂತ ಅಮ್ಮ, "ಇದೇನೇ, ಬೆಂಗಳೂರು ಅಂತ ಬಂದ್ರೆ ನಮ್ಮೂರಿಗಿಂತ ಹಳ್ಳಿ!" ಎಂದು ತಂಗಿಯನ್ನು ಕೆಣಕಿದ್ದಳು.

ಡಾಕ್ಟರು ಹೇಳಿದ್ದನ್ನು ಚಿಕ್ಕಪ್ಪ ಕೇಳಿಕೊಂಡು ಬಂದರು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಕೊಯ್ದರೂ ಉಪಯೋಗ ಇಲ್ವಂತೆ. ಅಬ್ಬಬ್ಬಾ ಅಂದ್ರೆ ನಾಲ್ಕು ತಿಂಗಳು. ಅವಳಿಗೆ ಗೊತ್ತಾಗಕೂಡದು."

ನಾನು ಏನೋ ಸದ್ದು ಮಾಡಿರಬೇಕು.

"ಅಳೋದಾದ್ರೆ ಬಚ್ಚಲಿಗೆ ಹೋಗು, ನಲ್ಲಿ ಬಿಟ್ಕೊಂಡು ಅಳು. ನಾಳೆ ಗಾಂಧಿ ಬಜಾರ್ ತೋರಿಸೋಣ. ಪಾಪ, ಅಂಗಡಿ ನೋಡೋ ಆಸೆ ಅವಳಿಗೆ."

ಹಾಗೆ ನಾವು ಪೇಟೆ ನೋಡಲು ಹೊರಟೆವು. ಜಟಕಾದಲ್ಲಿ ಎಂದು ನನ್ನ ನೆನಪು, ಬಸ್ಸಿನಲ್ಲಿ ಎಂದು ಚಿಕ್ಕಮ್ಮನ ವಾದ. ಅಮ್ಮ ಊರಿನ ಸಂತೆಯ ಲೆಕ್ಕದಲ್ಲಿ ನಡೆದಳು. ಮೊದಲು ಒಂದು ಸುತ್ತು ಎಲ್ಲವನ್ನೂ ನೋಡಬೇಕು, ಏನನ್ನೂ ಮುಟ್ಟಬಾರದು. ಎರಡನೆಯ ಸುತ್ತಿಗೆ ಕೈ ಹಾಕಬೇಕು. ಮೊದಲ ಸುತ್ತು ಮುಗಿಯುವ ಮುಂಚೆಯೇ ಅವಳಿಗೆ ಉಸಿರು ಕಟ್ಟಿತು. ಹೂವಿನ ಸಾಲಿನ ಪಕ್ಕ ಅವರೆಕಾಯಿ ರಾಶಿ ಹಾಕಿಕೊಂಡು ಕೂತಿದ್ದ ಹೆಂಗಸು ತನ್ನ ಗೋಣಿಚೀಲ ಮಡಿಸಿ ಹಾಕಿ, "ಕುಂತ್ಕೊಳಕ್ಕ" ಎಂದಳು. ಅಮ್ಮ ಕೂತು, ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದಳು.

"ಸೊಗಡೇ ಇಲ್ವಲ್ಲಮ್ಮಾ."

"ಅಯ್ಯೋ, ಬೆಳಿಗ್ಗೆ ಬನಶಂಕರಿ ಕಡೆ ಹೊಲದಿಂದ ಕಿತ್ತಿದ್ದು! ನಿನಗೆ ನೆಗಡಿ ಆಗೈತೆ ನೋಡು."

"ನನಗೆ ನೆಗಡಿ ಒಂದು ಆಗಿಲ್ಲ, ಮಿಕ್ಕಿದ್ದೆಲ್ಲ ಆಗಿದೆ" ಎಂದಳು ಅಮ್ಮ. ಆ ಹೆಂಗಸು ನಕ್ಕಳು, ಅಮ್ಮನೂ ನಕ್ಕಳು. ಚಿಕ್ಕಮ್ಮ ಆಚೆ ತಿರುಗಿ ಸೇವಂತಿಗೆಯ ಬೆಲೆ ಕೇಳತೊಡಗಿದಳು.

ಎರಡನೆಯ ಸುತ್ತಿಗೆ ಅಮ್ಮ ನೇರವಾಗಿ ಹೋದದ್ದು ಒಂದೇ ಅಂಗಡಿಗೆ. ಚಪ್ಪಲಿ ಬಿಟ್ಟು, ಬಿಳಿಯ ಹಾಸಿನ ಮೇಲೆ ಕಾಲು ಮಡಚಿ ಕೂತು, "ಧಾರೆ ಸೀರೆ ತೋರಿಸಿ" ಎಂದಳು.

ನಮ್ಮ ಕಡೆ ಮದುವೆಗೆ ಬೇಕಾದ ಮಿಕ್ಕಿದ್ದನ್ನೆಲ್ಲ ಯಾರು ಬೇಕಾದರೂ ತರಬಹುದು. ಧಾರೆಯ ಹೊತ್ತಿಗೆ ಹುಡುಗಿ ಉಡುವ ಸೀರೆಯನ್ನು ಮಾತ್ರ ತಾಯಿಯೇ ಆರಿಸಬೇಕು. ಅಜ್ಜಿ ಅಮ್ಮನಿಗೆ ಆರಿಸಿದ್ದಳು. ಅಮ್ಮ ಈಗ ಅದಕ್ಕೇ ಕೂತಿದ್ದಳು.

ಅಂಗಡಿಯವರು ನನ್ನತ್ತ ನೋಡಿದರು. "ಮದುಮಗಳು ಇವ್ರೇನಾ? ಮುಹೂರ್ತ ಯಾವಾಗ?"

"ಹುಡುಗ ಇನ್ನೂ ಸಿಕ್ಕಿಲ್ಲ."

"ಅದಕ್ಕೇನಮ್ಮ, ನಮ್ಮ ಸೀರೆ ನೋಡಿದ್ರೆ ಹುಡುಗ ತಾನಾಗೇ ಓಡಿ ಬರ್ತಾನೆ!"

"ಹಾಗಾದ್ರೆ ಎರಡು ತೋರಿಸಿ, ಒಬ್ಬ ಕುಂಟ ಆದ್ರೆ ಇನ್ನೊಬ್ಬ ಇರ್ಲಿ" ಎಂದಳು ಅಮ್ಮ.

ಸೀರೆಗಳು ಬಿಚ್ಚಿಕೊಂಡವು. ಅಮ್ಮ ಒಂದೊಂದರ ಸೆರಗನ್ನೂ ಮೊಣಕೈಯ ಒಳಬದಿಗೆ ಉಜ್ಜಿ ನೋಡುತ್ತಿದ್ದಳು. ಕೊನೆಗೆ ಒಂದನ್ನು ಎತ್ತಿ ನನ್ನ ಹೆಗಲ ಮೇಲೆ ಹಾಕಿ, ಎದ್ದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಅವಳ ಮುಖ ಹೇಗಿತ್ತು ಎಂದು ಬರೆಯಲಾರೆ. ನೋಡಿದರೆ ಅತ್ತುಬಿಡುತ್ತೇನೆಂದು ನಾನು ಹಾಸಿನ ಹೊಲಿಗೆಯನ್ನು ನೋಡುತ್ತಿದ್ದೆ.

ಈ ಸೀರೆ ಕೊಂಡರೆ ನಮಗೆ ಅವಸರ ಯಾಕೆಂದು ಅಮ್ಮನಿಗೆ ಹೊಳೆದುಬಿಡುತ್ತದೆ ಎಂದು ನನಗೆ ಅನ್ನಿಸಿತು. ಅವಸರ ಮಾಡುತ್ತಿದ್ದವಳು ಅವಳೇ ಎನ್ನುವುದು ನನಗೆ ಹೊಳೆಯಲಿಲ್ಲ.

"ಹುಡುಗನೇ ಇಲ್ಲ, ಈಗ್ಲೇ ಯಾಕಮ್ಮ? ಮುಂದಿನ ವರ್ಷ ಬರೋಣ. ಆಗ ನೀನೇ ನಿಧಾನವಾಗಿ ಆರಿಸೀವಂತೆ" ಎಂದೆ.

"ಮುಂದಿನ ವರ್ಷಾನಾ?"

"ಹೂಂ."

"ನಿಜವಾಗ್ಲೂ?"

"ನಿಜ ಅಮ್ಮ."

ಈ "ನಿಜವಾಗ್ಲೂ" ಎಂಬ ಮಾತನ್ನು ಅವಳು ಆಡಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಲವು ವರ್ಷ ಅದು ನನ್ನ ಕಿವಿಯಲ್ಲಿ ಇರುತ್ತದೆ, ಕೆಲವು ವರ್ಷ ಇರುವುದಿಲ್ಲ. ಆಡಿದ್ದರೆ, ಅವಳಿಗೆ ಎಲ್ಲ ತಿಳಿದಿತ್ತು, ನಿಜ ಹೇಳಲು ನನಗೊಂದು ಅವಕಾಶ ಕೊಟ್ಟಿದ್ದಳು. ಆಡಿರದಿದ್ದರೆ, ನನ್ನನ್ನು ನಂಬಿ ಮುಂದಿನ ವರ್ಷಕ್ಕಾಗಿ ಕಾದಳು. ಎರಡರಲ್ಲಿ ಯಾವುದಾಗಿದ್ದರೆ ಒಳ್ಳೆಯದು ಎಂದು ಈ ವಯಸ್ಸಿನಲ್ಲೂ ತೀರ್ಮಾನಿಸಲು ಆಗಿಲ್ಲ.

ಅಮ್ಮ ನನ್ನ ಹೆಗಲಿನಿಂದ ಸೀರೆ ತೆಗೆದು, ಹಳೆಯ ಮಡಿಕೆ ಹಿಡಿದು ತಾನೇ ಮಡಿಸಿದಳು. "ಸುಮ್ನೆ ಕೆಲಸ ಕೊಟ್ವಿ ನಿಮಗೆ" ಎಂದು ಅಂಗಡಿಯವರ ಕೈಗೆ ಕೊಟ್ಟಳು. ಮೆಟ್ಟಿಲು ಇಳಿಯುವಾಗ ಚಿಕ್ಕಮ್ಮ ನನ್ನ ಕೈ ಅದುಮಿ, "ಜಾಣೆ" ಎಂದು ಪಿಸುಗುಟ್ಟಿದಳು. ನನಗೆ ಹೆಮ್ಮೆಯಾಯಿತು. ಇದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ಒಂದು ಕ್ಷಣ ನಿಜಕ್ಕೂ ಹೆಮ್ಮೆಯಾಯಿತು.

ಯುಗಾದಿಗೆ ಅಮ್ಮ ಇರಲಿಲ್ಲ.

ಎರಡು ವರ್ಷದ ಮೇಲೆ ನನ್ನ ಮದುವೆ ಗೊತ್ತಾಯಿತು. ತಾಯಿಯ ಜಾಗದಲ್ಲಿ ಚಿಕ್ಕಮ್ಮ ನಿಂತಳು. ಅದೇ ಅಂಗಡಿಗೆ ಕರೆದುಕೊಂಡು ಹೋದಳು. ಅಂಗಡಿಯವರಿಗೆ ನಮ್ಮ ಗುರುತಿರಲಿಲ್ಲ, ಇರಬೇಕಾದ ಕಾರಣವೂ ಇಲ್ಲ. ಸೀರೆಗಳು ಹಾಸಿನ ತುಂಬ ಹರಡಿದ ಮೇಲೆ ಚಿಕ್ಕಮ್ಮ ಕೇಳಿದಳು: "ಅವತ್ತು ನಿಮ್ಮಮ್ಮ ನಿನ್ನ ಹೆಗಲ ಮೇಲೆ ಹಾಕಿದ್ಲಲ್ಲ, ಅದು ಯಾವ ಬಣ್ಣವೇ? ಅಂಥದ್ದನ್ನೇ ತಗೊಳ್ಳೋಣ. ಅವಳೇ ಆರಿಸಿದ ಹಾಗಾಗುತ್ತೆ."

ನನಗೆ ಗೊತ್ತಿರಲಿಲ್ಲ. ಅವತ್ತು ನಾನು ಹಾಸಿನ ಹೊಲಿಗೆ ನೋಡುತ್ತಿದ್ದೆ. ಆದರೆ ಚಿಕ್ಕಮ್ಮನ ಕಣ್ಣು ಆಗಲೇ ತುಂಬಿತ್ತು.

"ಇಂಥದ್ದೇ" ಎಂದು ಹತ್ತಿರ ಬಿದ್ದಿದ್ದ ಒಂದನ್ನು ತೋರಿಸಿದೆ. ಅರಿಶಿನ ಬಣ್ಣ, ಕೆಂಪು ಅಂಚು.

ಧಾರೆಯ ದಿನ ನೆಂಟರು ಒಬ್ಬೊಬ್ಬರಾಗಿ ಬಂದು ಆ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು. ತಾಯಿ ಮೆಚ್ಚಿದ ಬಣ್ಣವಂತೆ, ಸಾಯುವ ಮುಂಚೆ ಬೆಂಗಳೂರಿನಲ್ಲಿ ಆರಿಸಿದ್ದಳಂತೆ ಎಂದು ಮಾತಾಡಿಕೊಂಡರು. ಅಪ್ಪ ದೂರದಲ್ಲಿ ನಿಂತು ಸೀರೆಯನ್ನೇ ನೋಡುತ್ತಿದ್ದರು. ಆಮೇಲೆ ಹತ್ತಿರ ಬಂದು, "ಅವಳಿಗೆ ಈ ಬಣ್ಣ ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ ನೋಡು" ಎಂದರು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ತಿಳಿಯಲಿಲ್ಲವಲ್ಲ ಎಂದು ಅವರು ನೊಂದುಕೊಂಡಿದ್ದರು.

ಅವರಿಗೂ ನಾನು ನಿಜ ಹೇಳಲಿಲ್ಲ.