ಬಾವಿಯ ಬಳಿ ಬಾಗಿದ ಬದು

ಗೋರಖನಾಥರು ಮೂವತ್ತಾರು ವರ್ಷ ನೌಕರಿ ಮಾಡಿದರು. ಅಷ್ಟು ವರ್ಷದಲ್ಲಿ ತಮ್ಮದೆಂದು ಹೇಳಿಕೊಳ್ಳುವ ಒಂದು ಗೆರೆಯನ್ನೂ ಎಳೆಯಲಿಲ್ಲ. ಸರ್ವೆ ಖಾತೆಯಲ್ಲಿ ಅವರು ಟ್ರೇಸರ್ ಆಗಿದ್ದರು. ಹಳೆಯ ನಕಾಶೆಯ ಮೇಲೆ ಮೇಣದ ಬಟ್ಟೆ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆ ಮಸಿಯಿಂದ ಇನ್ನೊಂದು ಗೆರೆ ಎಳೆಯುವುದು ಅವರ ಕೆಲಸ. ಹೊಲ ಯಾರದೋ, ಅಳೆದವರು ಯಾರೋ, ಇವರದು ಬರೀ ನಕಲು. ಆದರೆ ಆ ನಕಲಿನ ಅಂದ ನೋಡಬೇಕಿತ್ತು. ಕೂದಲಿನಷ್ಟು ಸಪೂರ, ಎಲ್ಲಿಯೂ ದಪ್ಪವಾಗದು, ಎಲ್ಲಿಯೂ ನಡುಗದು. ಒಬ್ಬ ಮೇಲಧಿಕಾರಿ ಅದನ್ನು ನೋಡಿ, ಈ ಗೆರೆಯ ಮೇಲೆ ರೈಲು ಓಡಿಸಬಹುದು ಎಂದಿದ್ದರಂತೆ. ಈ ಮಾತನ್ನು ಗೋರಖನಾಥರು ಮನೆಯಲ್ಲಿ ಎಷ್ಟು ಸಲ ಹೇಳಿದ್ದರೆಂದರೆ, ರೈಲಿನ ಸುದ್ದಿ ಬಂದರೆ ಸಾಕು ಹೆಂಡತಿ ಭಾಗೀರಥಿಬಾಯಿ ಎದ್ದು ಅಡಿಗೆಮನೆಗೆ ಹೋಗುತ್ತಿದ್ದರು. ಕಚೇರಿಯವರು ಇಟ್ಟ ಹೆಸರು ಸ್ಕೇಲ್ ಗೋರಖನಾಥ. ಅದನ್ನು ಅವರು ಬಿರುದೆಂದೇ ತಿಳಿದಿದ್ದರು.

ನಿವೃತ್ತಿಯಾದ ವಾರ ಮಗಳು ಉಜ್ವಲಾ ಭಾಲ್ಕಿಯಿಂದ ಬಂದಳು. ಅಲ್ಲಿ ಅವಳು ಹೈಸ್ಕೂಲಿನಲ್ಲಿ ಟೀಚರ್. ಒಂದು ಜಲವರ್ಣದ ಪೆಟ್ಟಿಗೆ, ಮೂರು ಬ್ರಶ್ಶು, ದಪ್ಪ ಕಾಗದದ ಕಟ್ಟು ತಂದು ಅಪ್ಪನ ಮುಂದಿಟ್ಟು, "ಪಪ್ಪಾ, ಇಷ್ಟ ದಿನ ಮಂದಿದು ತೆಗದೀರಿ, ಇನ್ನರ ನಿಮ್ಮದು ಏನರ ತೆಗೀರಿ" ಎಂದಳು.

ತೆಗೆದರು. ಬೀದರಿನ ಮನೆಯ ಮಾಳಿಗೆ ಮೇಲೆ ಕೂತು ಮೊದಲು ರೊಟ್ಟಿ ಬುಟ್ಟಿಯನ್ನು ತೆಗೆದರು, ಆಮೇಲೆ ತಾಮ್ರದ ತಂಬಿಗೆಯನ್ನು. ಎರಡಕ್ಕೂ ಪಕ್ಕದಲ್ಲಿ ಸ್ಕೇಲು ಇತ್ತು. ಧೈರ್ಯ ಬಂದ ಮೇಲೆ ಕೋಟೆಗೆ ಹೋಗಿ ಒಂದು ಬುರುಜಿನ ಮುಂದೆ ಹನ್ನೊಂದು ದಿನ ಕೂತರು. ಒಂದೊಂದೇ ಕಲ್ಲು ಎಣಿಸಿ ಬರೆದು, ಒಂದೊಂದರೊಳಗೆ ಬಣ್ಣ ತುಂಬಿ, ಪಕ್ಕದ ಕಲ್ಲಿಗೆ ತಾಗದ ಹಾಗೆ ಕಾದರು. ಉಜ್ವಲಾ ಅದನ್ನು ನೋಡಿ, ಇದು ಚಿತ್ರವಲ್ಲ ಪಪ್ಪಾ, ಎಸ್ಟಿಮೇಟು ಎಂದಳು. ಅಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ.

ಆದರೂ ಬಿಡಲಿಲ್ಲ. ಚೀಲದಲ್ಲಿ ಪೆಟ್ಟಿಗೆ, ಹಲಗೆ, ನೀರಿನ ಬಾಟಲಿ, ಮಡಚುವ ಸ್ಟೂಲು ಹಾಕಿಕೊಂಡು ಬಸ್ಸು ಹತ್ತುವುದು ರೂಢಿಯಾಯಿತು. ಒಂದು ದಿನ ಭಾಲ್ಕಿ, ಒಂದು ದಿನ ಸಾಯಗಾಂವ, ಮತ್ತೊಂದು ದಿನ ಔರಾದ. ತಾವು ಹುಟ್ಟಿದ ಖಟಕ ಚಿಂಚೋಳಿಯಲ್ಲಿ ಒಮ್ಮೆ ಬೆಳಗ್ಗೆ ತೊಗರಿ ಹೊಲದ ಮುಂದೆ ಕೂತಾಗ, ಆಕಾಶದ ನೀಲಿ ಒಣಗುವ ಮೊದಲೇ ಕೈ ತಪ್ಪಿ ಹೊಲದ ಹಳದಿಗೆ ಇಳಿದುಬಿಟ್ಟಿತು. ಹರಿದು ಹಾಕಬೇಕೆಂದವರು ಕಾಗದದ ಬೆಲೆ ನೆನೆದು ಸುಮ್ಮನಾದರು. ಮನೆಗೆ ಬಂದು ನೋಡಿದರೆ ಆ ಕೆಟ್ಟ ಜಾಗದಲ್ಲೇ ಚಳಿಗಾಲದ ಮಂಜು ಕೂತಿತ್ತು. ತೊಗರಿ ಆ ಮಂಜಿನಲ್ಲಿ ಅರ್ಧ ಕಂಡು ಅರ್ಧ ಕಾಣದೆ ನಿಂತಿತ್ತು. ಅರವತ್ತೊಂದನೆಯ ವಯಸ್ಸಿನಲ್ಲಿ ಆ ಮನುಷ್ಯನಿಗೆ ಆದ ಸಂತೋಷ ಸಣ್ಣದಲ್ಲ. ಭಾಗೀರಥಿಬಾಯಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಂದು ತೋರಿಸಿದರು.

ಅಂದಿನಿಂದ ನೀರೇ ಅವರ ಗುರು. ಪೆಟ್ಟಿಗೆಯ ಕಪ್ಪು ಬಳಿದರೆ ಎರೆಭೂಮಿ ಸತ್ತಂತೆ ಕಾಣುತ್ತದೆ, ಕಂದು ನೀಲಿ ಕೂಡಿಸಿದರೆ ನಿನ್ನೆ ಮಳೆ ಬಿದ್ದಂತೆ ಕಾಣುತ್ತದೆ. ಬಿಳಿಯನ್ನು ಬಳಿಯುವುದಲ್ಲ, ಕಾಗದವನ್ನೇ ಬಿಡುವುದು. ಇವೆಲ್ಲ ತಾವಾಗಿ ಕಲಿತರು. ಕಲಿಯದೆ ಉಳಿದದ್ದು ಒಂದೇ. ಬಣ್ಣ ಹರಿಯಲು ಬಿಟ್ಟರೂ ಕೆಳಗಿನ ಪೆನ್ಸಿಲ್ ಗೆರೆ ಮಾತ್ರ ರೈಲು ಹಳಿಯೇ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕಚೇರಿಯಲ್ಲಿ ಹುಟ್ಟಿದ ಗುಣ ಪೆನ್ಶನ್ ಬಂದರೂ ಹೋಗಲಿಲ್ಲ.

ಇನ್ನೊಂದು ತಾಪತ್ರಯವಿತ್ತು. ಹೊಲದ ದಂಡೆಯಲ್ಲಿ ಹಲಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮುಂದೆ ಚಾಚಿ ಅಳತೆ ನೋಡುವ ಮುದುಕನನ್ನು ಕಂಡರೆ ಈ ಸೀಮೆಯ ಜನಕ್ಕೆ ಹೊಳೆಯುವುದು ಒಂದೇ ಅರ್ಥ: ಸರ್ವೆಯವರು ಬಂದರು, ಯಾರದೋ ಹೊಲ ಹೋಯಿತು. ಸಾಯಗಾಂವದಲ್ಲಿ ಒಬ್ಬರು ಚಹಾ ತಂದುಕೊಟ್ಟು, ರಸ್ತೆಯನ್ನು ಸ್ವಲ್ಪ ಆಚೆ ಸರಿಸಿರಿ ಎಂದು ಕೈಮುಗಿದಿದ್ದರು. ಚಿತ್ರ ತೆಗೆಯುತ್ತಿದ್ದೇನೆ ಅಂದರೆ ಯಾರೂ ನಂಬರು. ಇಷ್ಟು ವಯಸ್ಸಿನ ಗಂಡಸು ಕೆಲಸವಿಲ್ಲದೆ ಚಿತ್ರ ತೆಗೆಯುತ್ತಾನೆಂದು ನಂಬುವುದಾದರೂ ಹೇಗೆ?

ಹೋದ ವರ್ಷದ ಎಳ್ಳಮಾಸಿಗೆ, ಅಂದರೆ ಎಳ್ಳಮಾವಾಸ್ಯೆಗೆ, ಅವರು ಔರಾದ ಬಸ್ಸು ಹಿಡಿದು ಸಂತಪುರದಲ್ಲಿ ಇಳಿದರು. ಎಳ್ಳಮಾಸಿಯ ದಿನ ಇಲ್ಲಿ ಊರಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲದಲ್ಲಿರುತ್ತಾರೆ, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣ್ಣಿಸುತ್ತಾರೆ. ಊರ ಆಚೆ ಒಂದು ಕಡಲೆ ಹೊಲ ಅವರಿಗೆ ಹಿಡಿಸಿತು. ಅದಕ್ಕೂ ಪಕ್ಕದ ಹೊಲಕ್ಕೂ ನಡುವೆ ಬದು, ಬದುವಿನ ಮಗ್ಗುಲಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ, ಅದರ ಮೇಲೆ ಬೇವಿನ ನೆರಳು. ಗಡಿ ತೋರಿಸಲು ನೆಟ್ಟ, ಸುಣ್ಣ ಬಳಿದ ಬಾಂದುಗಲ್ಲುಗಳು ಬಾವಿಯ ಹತ್ತಿರ ಬದುವಿನ ಮೇಲೆ ಇರದೆ ಹೊಲದೊಳಗೆ ಬೇರೆಯೇ ಸಾಲಾಗಿ ನಿಂತಿದ್ದವು. ಅದನ್ನು ನೋಡಿಯೂ ನೋಡದವರಂತೆ ಕೂತು ಪೆನ್ಸಿಲ್ ತೆಗೆದರು.

ಅರ್ಧ ತಾಸಿಗೆ ಒಬ್ಬ ಹೆಂಗಸು ಬಂದರು. ಒಂದು ಕೈಯಲ್ಲಿ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿಯ ತಾಟು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಚೀಲ. ಹೆಸರು ಲಲಿತಾಬಾಯಿ, ಹೊಲ ಅವರದು. ಸರ್ವೆ ಸಾಹೇಬರು ಬಂದಿದ್ದಾರೆಂದು ಯಾರೋ ಹೇಳಿದ್ದರಂತೆ. ತಾಟು ಕೆಳಗಿಟ್ಟು ಹಲಗೆಯ ಕಡೆ ಬಗ್ಗಿ ನೋಡಿದ ಅವರ ಮುಖ ಸಣ್ಣದಾಯಿತು.

"ಸಾಹೇಬರ, ನೀವೂ ಹಂಗೇ ಮಾಡೀರಿ ನೋಡ್ರಿ. ಬದು ಡೊಂಕ ಅದ, ನೀವು ನೆಟ್ಟಗ ಬರದೀರಿ. ನನ್ನ ಬಾವಿ ಆ ಕಡೀಗಿ ಹೋಯ್ತು."

ಗೋರಖನಾಥರು ತಲೆಯೆತ್ತಿ ನೋಡಿದರು. ಹೌದು. ಬದು ನೆಟ್ಟಗೆ ಬಂದು, ಬಾವಿಯ ಹತ್ತಿರ ಬಾಗಿ, ಅದನ್ನು ಆಕೆಯ ಹೊಲದೊಳಗೆ ಇಟ್ಟುಕೊಂಡು ಹೊರಗಿನಿಂದ ಸುತ್ತಿ, ಮತ್ತೆ ನೆಟ್ಟಗೆ ಹೋಗಿತ್ತು. ಕಾಗದದ ಮೇಲೆ ಅವರ ಪೆನ್ಸಿಲ್ ಆ ಬಾಗನ್ನು ಕತ್ತರಿಸಿ ದಾಟಿತ್ತು.

ಲಲಿತಾಬಾಯಿ ತಮ್ಮ ಕತೆ ಹೇಳಿದರು. ಬಾವಿ ಗಂಡನ ಅಜ್ಜ ತೋಡಿಸಿದ್ದು. ಆರು ವರ್ಷದ ಹಿಂದೆ ಪಕ್ಕದ ಹೊಲದ ಮಲ್ಲಿಕಾರ್ಜುನಪ್ಪ ಅಣ್ಣತಮ್ಮಂದಿರ ಪಾಲಿಗಾಗಿ ಅಳತೆ ಮಾಡಿಸಿದರು. ಅಳೆಯಲು ಬಂದವರು ನಕಾಶೆಯಲ್ಲಿದ್ದ ಹಾಗೆ ಕಲ್ಲು ನೆಟ್ಟರು, ಬಾವಿ ಮಲ್ಲಿಕಾರ್ಜುನಪ್ಪನವರ ಪಾಲಿಗೆ ಬಂತು. ಅವರೇನು ಕೆಟ್ಟವರಲ್ಲ, ಕೇಳಿದರೆ ನೀರು ಬಿಡುತ್ತಾರೆ, ಆದರೆ ಕೇಳಬೇಕು. ತಮ್ಮ ಬೆಳೆಗೆ ಹಾಯಿಸಿಕೊಂಡ ಮೇಲೆ ಬಿಡುತ್ತಾರೆ, ಅಷ್ಟರಲ್ಲಿ ಇವರ ಕಡಲೆ ಬಾಡಿರುತ್ತದೆ. ಹೀಗೆ ಹೇಳುತ್ತ ಅವರು ಚೀಲದಿಂದ ನಕಾಶೆಯ ಝೆರಾಕ್ಸ್ ತೆಗೆದು ಕೊಟ್ಟರು. ಅಧಿಕಾರಿಯಂತೆ ಕಂಡವರಿಗೆಲ್ಲ ತೋರಿಸಿ ತೋರಿಸಿ ಅದರ ಮಡಿಕೆಗಳು ಸವೆದಿದ್ದವು.

ಗೆರೆ ನೋಡುತ್ತಲೇ ಗೋರಖನಾಥರು ಕಾಗದವನ್ನು ಕಣ್ಣ ಹತ್ತಿರ ಹಿಡಿದರು. ಕೂದಲಿನಷ್ಟು ಸಪೂರ, ಎಲ್ಲಿಯೂ ನಡುಗದ್ದು. ಕೆಳಗೆ ಮೂಲೆಯಲ್ಲಿ ನಕಲು ಮಾಡಿದವರ ಸಣ್ಣ ಸಹಿ. ಸಹಿ ಅವರದೇ.

ಅವರಿಗೆ ಎಲ್ಲ ನೆನಪಾಯಿತು. ನಿಜಾಮರ ಕಾಲದ ಆ ಹಳೆಯ ಹಾಳೆಗಳಲ್ಲಿ ಗೆರೆಗಳು ಅಲ್ಲಲ್ಲಿ ಬಾಗಿರುತ್ತಿದ್ದವು. ಪಕ್ಕದಲ್ಲಿ ಏನೋ ಉರ್ದುವಿನಲ್ಲಿ ಬರೆದಿರುತ್ತಿತ್ತು, ಅದನ್ನು ಓದಲು ಅವರಿಗೆ ಬರುತ್ತಿರಲಿಲ್ಲ. ಪಾಪ, ಮುದುಕರು ಬರೆದದ್ದು, ಕೈ ನಡುಗಿದೆ ಎಂದುಕೊಂಡು ಯುವಕ ಗೋರಖನಾಥ ಸಣ್ಣಪುಟ್ಟ ಬಾಗುಗಳನ್ನೆಲ್ಲ ಸ್ಕೇಲು ಹಿಡಿದು ನೆಟ್ಟಗೆ ಮಾಡಿಬಿಡುತ್ತಿದ್ದ. ಉಪಕಾರವೆಂದೇ ಮಾಡುತ್ತಿದ್ದ. ರೈಲಿನ ಮಾತು ಬಂದದ್ದೂ ಅದಕ್ಕೇ.

ಅವತ್ತು ಅವರು ಇದನ್ನು ಲಲಿತಾಬಾಯಿಗೆ ಹೇಳಲಿಲ್ಲ. ಭಜ್ಜಿಯ ಎರಡು ತುತ್ತು ತಿಂದು ತಾಟು ಸರಿಸಿದರು. ಸರ್ವೆಯವನಲ್ಲ ತಾಯಿ, ಚಿತ್ರ ತೆಗೆಯುವವನು ಎಂದು ಹೇಳಿ ಬಸ್ಸು ಹಿಡಿದು ಬಂದುಬಿಟ್ಟರು. ನಾಚಿಕೆಗೆಟ್ಟ ಕೆಲಸ ಅದು, ಅವರಿಗೂ ಗೊತ್ತಿತ್ತು.

ನಾಲ್ಕು ದಿನ ಪೆಟ್ಟಿಗೆ ಮುಟ್ಟಲಿಲ್ಲ. ಒಬ್ಬ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದರೆ ಅವರು, ನಿವೃತ್ತಿಯಾಗಿ ಇಷ್ಟು ವರ್ಷವಾಯಿತು, ಯಾರೂ ಕೇಳದಿರುವಾಗ ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ, ಪೆನ್ಶನ್ನಿಗೆ ತೊಡಕು ಬಂದೀತು ಎಂದರು. ಗೋರಖನಾಥರಿಗೆ ಪೆನ್ಶನ್ನಿಗಿಂತ ಹೆಸರಿನ ಚಿಂತೆ. ಒಂದೂ ತಪ್ಪಿಲ್ಲದ ಮನುಷ್ಯ ಎಂದು ಬೀಳ್ಕೊಡುಗೆಯ ದಿನ ಮಾಲೆ ಹಾಕಿದ್ದರು. ಅದೊಂದೇ ಅವರ ಗಳಿಕೆ. ಕೊನೆಗೆ ರವಿವಾರ ಬುದ್ಧ ವಿಹಾರದಿಂದ ಮನೆಗೆ ಬಂದ ಮೇಲೆ ಹೆಂಡತಿಗೆ ಎಲ್ಲ ಹೇಳಿದರು. ಭಾಗೀರಥಿಬಾಯಿ ಶಾಲೆಯ ಮುಖ ನೋಡಿದವರಲ್ಲ. ಕಡೆಯ ತನಕ ಕೇಳಿದರು.

"ಈಗಷ್ಟ ಪಂಚಶೀಲ ಹೇಳಿ ಬಂದೀರಿ. ನಾಕನೇದು ಏನದ್ರಿ? ಸುಳ್ಳ ಹೇಳಂಗಿಲ್ಲ ಅಂತದ. ಬಾಯಿಲೇ ಹೇಳಿದ್ರ ಅಷ್ಟೇ ಸುಳ್ಳೇನು, ಗೆರಿಲೇ ಹೇಳಿದ್ದು ಅಲ್ಲೇನ್ರಿ?"

ಮರುದಿನ ಬೆಳಗ್ಗೆ ಅವರು ತಮ್ಮ ಹಳೆಯ ಕಚೇರಿಯ ದಾಖಲೆ ಕೋಣೆಯ ಮುಂದೆ ನಿಂತಿದ್ದರು. ಅಲ್ಲಿ ಕಾಗದಗಳನ್ನು ನೋಡಿಕೊಳ್ಳುವ ಅಜೀಜಾ ಬೇಗಂ ದೂಳು ಕೊಡವಿ ಮೂಲ ಹಾಳೆ ತೆಗೆದುಕೊಟ್ಟರು. ಬಾಗು ಇತ್ತು. ಬಾಗಿನೊಳಗೆ ಒಂದು ಸಣ್ಣ ವೃತ್ತ, ಪಕ್ಕದಲ್ಲಿ ಉರ್ದು ಅಕ್ಷರ. ಅಜೀಜಾ ಬೇಗಂ ಅದನ್ನು ಓದಿ, ಬಾವಿಯನ್ನು ಒಳಗೆ ಬಿಟ್ಟು ಗೆರೆ ಹೊರಗಿನಿಂದ ಹೋಗಿದೆ ಎಂದು ಬರೆದಿದ್ದಾರೆ ಎಂದರು. ಅಳೆದವರ ಕೈ ನಡುಗಿರಲಿಲ್ಲ. ಗೋರಖನಾಥರು ಅಲ್ಲೇ ಬೆಂಚಿನ ಮೇಲೆ ಕೂತು ಅರ್ಜಿ ಬರೆದರು. ಈ ನಕಲಿನಲ್ಲಿ ಗೆರೆ ತಪ್ಪಾಗಿದೆ, ತಪ್ಪು ನನ್ನದು, ತಿಳಿಯದೆ ಮಾಡಿದ್ದಲ್ಲ, ತಿಳಿದೆನೆಂದುಕೊಂಡು ಮಾಡಿದ್ದು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದರು.

ಅಲ್ಲಿಂದ ನೇರ ಸಂತಪುರಕ್ಕೆ ಹೋದರು. ಆ ಬಸ್ಸಿನಲ್ಲಿ ಕೂತಾಗ ಆದಷ್ಟು ಹೆದರಿಕೆ ಅವರಿಗೆ ಯಾವ ಸಾಹೇಬರ ಮುಂದೆಯೂ ಆಗಿರಲಿಲ್ಲ. ಲಲಿತಾಬಾಯಿ ಕಳೆ ತೆಗೆಯುತ್ತಿದ್ದರು. ಇವರು ನಿಂತಲ್ಲೇ ಎಲ್ಲ ಹೇಳಿ ಕೈಮುಗಿದರು.

"ಆರು ವರ್ಷ್ರೀ" ಎಂದರು ಆಕೆ. ಅಷ್ಟೇ. ಕೂಡ್ರಿ ಅನ್ನಲಿಲ್ಲ, ಬೈಯಲೂ ಇಲ್ಲ, ಮತ್ತೆ ಬಗ್ಗಿ ಕಳೆ ಕೀಳತೊಡಗಿದರು. ಬೈದಿದ್ದರೆ ಗೋರಖನಾಥರಿಗೆ ಹಗುರಾಗುತ್ತಿತ್ತು.

ಮುಂದೆ ಹತ್ತು ತಿಂಗಳು ಹಿಡಿಯಿತು. ಸರ್ಕಾರಿ ಕಾಗದ ಎತ್ತಿನ ಗಾಡಿಯಂತೆ ಹೋಗುವುದು ಮೂವತ್ತಾರು ವರ್ಷ ಅದರಲ್ಲೇ ಕೂತವರಿಗೆ ಹೊಸದಲ್ಲ. ಪ್ರತಿ ಸೋಮವಾರ ಹೋಗಿ ಬಾಗಿಲಲ್ಲಿ ನಿಂತರು. ತಪ್ಪು ತನ್ನದೆಂದು ಹೇಳಿಕೊಂಡು ತಿರುಗುವ ಮನುಷ್ಯನನ್ನು ಕಂಡಿರದ ಹೊಸ ಹುಡುಗರು ಮೊದಲು ನಕ್ಕರು, ಆಮೇಲೆ ಕುರ್ಚಿ ಕೊಟ್ಟರು. ಪೆನ್ಶನ್ನಿಗೆ ಏನೂ ಆಗಲಿಲ್ಲ. ಕಡೆಗೆ ಯಂತ್ರ ಹಿಡಿದ ಸರ್ವೆಯವರು ಬಂದು ಮೂಲ ಹಾಳೆಯಂತೆ ಅಳೆದು ಕಲ್ಲು ಕಿತ್ತು ಬದುವಿನ ಮೇಲೆ ನೆಟ್ಟರು. ಮಲ್ಲಿಕಾರ್ಜುನಪ್ಪ ಜಗಳ ತೆಗೆಯುತ್ತಾರೆಂದು ಜನ ಕಾದು ನಿಂತಿದ್ದರು. ಅವರು ಹಳೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಕಾಗದ ಹೇಳಿತಂತ ತಗೊಂಡಿದ್ದೆ, ಕಾಗದ ಹೇಳಿತಂತ ಬಿಡ್ತೇನಿ" ಎಂದು ತಮ್ಮ ಮೋಟರಿನ ಪೈಪು ಸುತ್ತಿಕೊಂಡು ಹೋದರು.

ಹೊಸ ನಕಾಶೆ ಬಂದ ದಿನ ಗೋರಖನಾಥರೇ ಅದನ್ನು ಸಂತಪುರಕ್ಕೆ ಒಯ್ದರು. ಚಿತ್ರದ ಚೀಲವೂ ಹೆಗಲಿಗಿತ್ತು. ಲಲಿತಾಬಾಯಿಗೆ ಓದಲು ಬಾರದು. ಎಲ್ಲದ್ರಿ ನನ್ನ ಬಾವಿ ಎಂದು ಕೇಳಿದರು. ಇವರು ಅವರ ಬೆರಳು ಹಿಡಿದು ಬಾಗಿನೊಳಗಿನ ಸಣ್ಣ ವೃತ್ತದ ಮೇಲೆ ಇಟ್ಟರು. ಆ ಬೆರಳು ಅಲ್ಲಿಂದ ಬೇಗ ಏಳಲಿಲ್ಲ. ನಕಾಶೆಯನ್ನು ಮಡಚಿ ಸೆರಗಿನಲ್ಲಿ ಇಟ್ಟುಕೊಂಡು ಅವರು ಬದುವಿನ ಕಡೆ ನೋಡುತ್ತ ನಿಂತರು.

ಗೋರಖನಾಥರು ಸ್ಟೂಲು ಹಾಕಿ ಹಲಗೆಗೆ ಕಾಗದ ಸಿಕ್ಕಿಸಿದರು. ಪೆನ್ಸಿಲ್ ತೆಗೆಯಲಿಲ್ಲ, ಬ್ರಶ್ಶಿನಿಂದಲೇ ಬದುವಿಗೆ ಕೈ ಹಾಕಬೇಕೆಂದಿದ್ದರು. ಬಾಟಲಿ ಅಲ್ಲಾಡಿಸಿದರೆ ಬಸ್ಸಿನಲ್ಲೇ ಕುಡಿದು ಖಾಲಿ. ಬಾವಿ ನಾಲ್ಕು ಹೆಜ್ಜೆಯಲ್ಲಿತ್ತು, ಹಗ್ಗ ಕಟ್ಟಿದ ಕೊಡವೂ ಕಟ್ಟೆಯ ಮೇಲಿತ್ತು. ಎದ್ದವರು ಅತ್ತ ಹೋಗದೆ ಲಲಿತಾಬಾಯಿಯ ಹತ್ತಿರ ಬಂದು ನಿಂತರು.

"ಬಾಯಿ, ಬಣ್ಣಕ್ಕ ಸ್ವಲ್ಪ ನೀರ ತಗೊಳ್ಳಲೇನ್ರಿ?"

ಏಳು ವರ್ಷದಲ್ಲಿ ಆ ಮಾತನ್ನು ಲಲಿತಾಬಾಯಿ ದಿನಾ ಆಡಿದ್ದರು, ಇನ್ನೊಬ್ಬರ ಬಾಯಿಂದ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಅವರ ಕಣ್ಣು ತುಂಬಿ ಬಂತು. ಬಾಟಲಿಯನ್ನು ಗೋರಖನಾಥರ ಕೈಯಿಂದ ತಗೊಂಡರು.

"ನೀವು ಕೂಡ್ರಿ ಅಣ್ಣಾ. ನನ್ನ ಬಾವಿ, ನಾನೇ ಸೇದಿ ಕೊಡ್ತೇನಿ" ಎಂದು ಕೊಡವನ್ನು ಬಾವಿಗೆ ಇಳಿಬಿಟ್ಟರು.