ಅಫ್ರಾ ಅತ್ತಿಗೆಯ ಬೀಚ್ ಎಲೆ

ಆಲ್ಪ್ಸ್ ಬುಡದ ನಮ್ಮ ಕಣಿವೆಯಲ್ಲಿ ಪೇಟೆಯ ಸೀಟಿ ಊದಿ ಜಿಂಕೆ ಕರೆಯುವವರು ಬೇಕಾದಷ್ಟಿದ್ದಾರೆ. ಊದಿದ್ದೇ ಬಂತು, ಜಿಂಕೆ ಬರುವುದಿಲ್ಲ. ಅಫ್ರಾ ಅತ್ತಿಗೆಗೆ ಒಂದು ಬೀಚ್ ಮರದ ಎಲೆ ಸಾಕಿತ್ತು. ಆಗಸ್ಟಿನ ಬಿಸಿಲಲ್ಲಿ, ಬೆದೆಯ ಕಾಲದಲ್ಲಿ, ಎಲೆಯನ್ನು ತುಟಿಗಳ ನಡುವೆ ಬಿಗಿಹಿಡಿದು ಹೆಣ್ಣು ಜಿಂಕೆಯ ಹಾಗೆ 'ಪೀ' ಎಂದರೆ ಗಂಡು ಎಲ್ಲಿದ್ದರೂ ಓಡಿಬರುತ್ತಿತ್ತು. ಕೋವಿ ಹಿಡಿಯುತ್ತಿದ್ದವನು ನನ್ನ ಅಣ್ಣ ಕ್ವಿರಿನ್. ಹೆಸರೂ ಅವನಿಗೇ. ಅತ್ತಿಗೆ ಹಸುಗಳಿಗೆ ಹೊತ್ತಾಯಿತೆಂದು ಮನೆಗೆ ಹೋಗುತ್ತಿದ್ದಳು.

ಒಂದು ಚಳಿಗಾಲ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ಸರಿಹೋದವು, ಬಾಯಿ ಸೊಟ್ಟಗೇ ಉಳಿಯಿತು. ಮಾತು ತೊದಲುತ್ತಿತ್ತು. ಅಂಗಡಿಯಲ್ಲಿ ಯಾರೋ ಮುಸಿ ಮುಸಿ ನಕ್ಕದ್ದೇ ತಡ, ಅತ್ತಿಗೆ ಮಾತನ್ನೇ ಬಿಟ್ಟಳು. ಇಡೀ ಊರಿಗೆ ಬೈಯುತ್ತಿದ್ದ ಹೆಂಗಸು!

ಆಗಸ್ಟ್ ಬಂದಾಗ ಅವಳನ್ನು ಕಾಡಿಗೆ ಎಳೆದೊಯ್ದವನು ನಾನೇ.

"ಇವತ್ತು ಎಲೆ ಕೂಗ್ಲಿಲ್ಲ ಅಂದ್ರೆ ಆಮೇಲೆ ಇವಳು ಬಾಯೇ ತೆಗೆಯಲ್ಲ ಕಣೋ," ಎಂದು ಅಣ್ಣ ದಾರಿಯುದ್ದಕ್ಕೂ ಪಿಸುಗುಟ್ಟಿದ.

"ನೀನು ಕೋವಿ ಹಿಡ್ಕೊಂಡು ಸುಮ್ನೆ ಬಾ ಮಾರಾಯ. ಅತ್ತಿಗೆ, ಇವನ ಮಾತು ಕಿವಿಗೆ ಹಾಕ್ಕೋಬೇಡ."

ಮೊದಲ ಎಲೆಯಲ್ಲಿ ಬರೀ ಗಾಳಿ. ಎರಡನೆಯದು ಹರಿಯಿತು. ಸೊಟ್ಟ ತುಟಿಯಿಂದ ಜೊಲ್ಲು ಇಳಿಯಿತು, ಅವಳು ಮುಖ ತಿರುಗಿಸಿದಳು. ಇನ್ನೊಂದು ಎಲೆ ಕಿತ್ತು ಕೊಟ್ಟೆ. ಈ ಸಲ ಸದ್ದು ಬಂತು, ಆದರೆ ಗಂಡನ್ನು ಕರೆಯುವ ಸದ್ದಲ್ಲ. ಬಿಗಿಯಿಲ್ಲದ ತುಟಿಯಿಂದ ನಡುಗುತ್ತ ಹೊರಟದ್ದು ತಾಯಿ ಕಾಣದ ಮರಿಯ ಅಳು.

ಜರಿಗಿಡ ಸೀಳಿಕೊಂಡು ತಾಯಿ ಜಿಂಕೆ ಓಡಿಬಂತು. ಮನುಷ್ಯರ ವಾಸನೆ ಹೊಡೆದರೂ ನಿಲ್ಲಲಿಲ್ಲ. ಅತ್ತಿಗೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಬಂದು, ಏದುಸಿರು ಬಿಡುತ್ತ ಅವಳ ಬಾಯನ್ನೇ ನೋಡಿತು. ನಮಗ್ಯಾರಿಗೂ ತಿಳಿಯದ ಆ ಬಾಯಿಯ ಮಾತು ಅದಕ್ಕೆ ತಿಳಿದಿತ್ತು. ಇಂಥದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಅದರ ಬೆನ್ನಿಗೇ ಗಂಡೂ ಬಂತು. ದಪ್ಪ ಕೊಂಬಿನದು, ಅಣ್ಣ ವರ್ಷಗಟ್ಟಲೆ ಕಾದಿದ್ದದ್ದು. ಅವನು ಕೋವಿ ಎತ್ತಿದ. ಎತ್ತಿದವನು ಹೆಂಡತಿಯ ಮುಖ ನೋಡಿ ಹಾಗೇ ಇಳಿಸಿದ.

ಎರಡೂ ಕಾಡಿಗೆ ಮರಳಿದ ಮೇಲೆ ಅಣ್ಣ ತನ್ನ ಟೋಪಿ ತೆಗೆದು, ಒಂದು ಚಿಗುರು ಮುರಿದು ಅತ್ತಿಗೆಗೆ ನೀಡಿದ. ಬೇಟೆ ಬೀಳದೆ ಗೌರವದ ಚಿಗುರು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಬಿದ್ದರೂ ಅದು ಹೊಡೆದವನಿಗೆ ಸಲ್ಲುತ್ತದೆ, ಕರೆದವಳಿಗಲ್ಲ.

ಅತ್ತಿಗೆ ಚಿಗುರು ನೋಡಿದಳು, ಗಂಡನನ್ನು ನೋಡಿದಳು.

"ಹೊ... ಹೊಡಿಯೋಕೆ... ಏನಾಗಿತ್ತು ನಿಂಗೆ... ದ... ದಡ್ಡ?"

"ಇನ್ನೊಂದ್ ಸಲ ಬೈಯೇ ಅಫ್ರಾ," ಅಂದ ಅಣ್ಣ.