ಕೈ ಕಿವಿಗೆ ತಾಗಬೇಕು

ಯೋಗ ಕಲಿಸುವವನಿಗೆ ಸಿಟ್ಟು ಬರಬಾರದು ಎನ್ನುತ್ತಾರೆ. ಹಾಗೆನ್ನುವವರು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಸೌದಿಯ ಅಲ್ ಖರ್ಜ್‌ನ ಹಾಲಿನ ಕಾರ್ಖಾನೆಯ ವಸತಿಯಲ್ಲಿ ಹನ್ನೊಂದು ಗಂಡಸರನ್ನು ಸಾಲಾಗಿ ನಿಲ್ಲಿಸಿ ತಾಡಾಸನ ಹೇಳಿಕೊಟ್ಟವರಲ್ಲ. ನನಗೆ ಸಿಟ್ಟು ಬರುತ್ತಿತ್ತು. ಈಗಲೂ ಬರುತ್ತದೆ. ಯಾರ ಮೇಲೆ ಎಂಬುದು ಮಾತ್ರ ಬದಲಾಗಿದೆ.

ಆ ಕಾರ್ಖಾನೆಯ ಲ್ಯಾಬಿನಲ್ಲಿ ಹಾಲಿನ ಕೊಬ್ಬು ಅಳೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗಿನಿಂದ ಯೋಗ ಮಾಡಿದವನು. ಕಲಿಸುವ ಸರ್ಟಿಫಿಕೇಟೂ ಇದೆ. ನಮ್ಮ ವಸತಿಯ ಹಿಂದುಗಡೆ ಯಾರೂ ಆಡದ ಒಂದು ಬ್ಯಾಡ್ಮಿಂಟನ್ ಹಾಲ್ ಇತ್ತು. ಅದನ್ನು ವಾರಕ್ಕೊಂದು ಗಂಟೆ ಕೊಡಿ ಎಂದು ಸೇಫ್ಟಿ ಆಫೀಸರನ್ನು ಕೇಳಿದೆ. ಅವರು ಜೋರ್ಡಾನಿನವರು, ಮೆದು ಮಾತಿನ ಮನುಷ್ಯ. ಎರಡು ಷರತ್ತು ಹಾಕಿದರು: ಬರುವ ಪ್ರತಿಯೊಬ್ಬನೂ ಆರೋಗ್ಯದ ಫಾರಂ ತುಂಬಬೇಕು, ಯಾರಿಗಾದರೂ ಪೆಟ್ಟಾದರೆ ಅದೇ ದಿನ ವರದಿ ಕೊಡಬೇಕು. ಫಾರಂ ವಿಷಯ ಅವರು ಹೇಳದಿದ್ದರೂ ನಾನೇ ಮಾಡುವವನಿದ್ದೆ. ಯಾರ ಮೈಯಲ್ಲಿ ಏನಿದೆ ಎಂದು ತಿಳಿಯದೆ ಆಸನ ಹೇಳಿಕೊಡುವುದು, ಕುದಿಯುತ್ತಿದೆಯೋ ತಣ್ಣಗಿದೆಯೋ ನೋಡದೆ ಪಾತ್ರೆಗೆ ಕೈ ಹಾಕಿದ ಹಾಗೆ.

ಎರಡು ದಿನ ಕೂತು ಫಾರಂ ಮಾಡಿದೆ. ಬೆನ್ನು, ಮಂಡಿ, ಭುಜ, ಕಣ್ಣು, ಬಿ.ಪಿ., ಹಳೆಯ ಆಪರೇಷನ್ನು, ಒಂದನ್ನೂ ಬಿಡಲಿಲ್ಲ. ಜನಕ್ಕೆ ಗೊಂದಲವಾಗದಿರಲಿ ಎಂದು ಒಂದು ಮಾದರಿಯನ್ನೂ ತುಂಬಿ ಗೋಡೆಗೆ ಅಂಟಿಸಿದೆ. ಮೊದಲ ಶುಕ್ರವಾರ ಹನ್ನೊಂದು ಫಾರಂ ಕೈಗೆ ಬಂತು. ಹನ್ನೊಂದರಲ್ಲೂ ಒಂದೇ ಉತ್ತರ: ಫಿಟ್. ಸೊಂಟ ಹಿಡಿದುಕೊಂಡೇ ಬಾಗಿಲು ದಾಟಿ ಬಂದ ಬೆಂಗಳೂರಿನ ಅಕೌಂಟೆಂಟ್ ಫಿಟ್. ಕಪಾಟಿನಷ್ಟು ದೊಡ್ಡ ಶೀತಲ ಯಂತ್ರಗಳ ಕೆಳಗೆ ತೂರಿ ತೂರಿ ಕತ್ತು ತಿರುಗದ ರಾಯಚೂರಿನ ಮೆಕ್ಯಾನಿಕ್ ಫಿಟ್. ಹಾಲ್ ಪೂರಾ ನೋವಿನ ಮುಲಾಮಿನ ವಾಸನೆ. ಇವರೆಲ್ಲ ಫಿಟ್ ಆದರೆ ಆ ಡಬ್ಬಿಗಳನ್ನು ಕೊಳ್ಳುತ್ತಿರುವವರು ಯಾರಪ್ಪಾ ಎಂದು ಕೇಳಿದೆ. ಎಲ್ಲರೂ ನಕ್ಕರು.

ಕಲಿಸುವುದೆಂದರೆ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಸ್ಥಿತಿ. ದಾವಣಗೆರೆಯ ಎಲೆಕ್ಟ್ರಿಷಿಯನ್ ಒಬ್ಬ ಮೊದಲ ದಿನವೇ ಕೈ ಮೇಲೆ ನಡೆದು ತೋರಿಸಿದ. ಅವನನ್ನು ನೋಡಿ ಐವತ್ತು ದಾಟಿದವರಿಗೂ ಕಾಲು ಮೇಲೆತ್ತುವ ಚಪಲ. ನಿಮ್ಮ ಮೈಗೆ ಎಷ್ಟು ಬರುತ್ತದೋ ಅಷ್ಟೇ ಮಾಡಿ, ಇದು ಸ್ಪರ್ಧೆಯಲ್ಲ ಎಂದು ಪ್ರತಿವಾರ ಹೇಳಿದೆ. ಗೋಡೆಗೆ ಹೇಳಿದ ಹಾಗಾಯಿತು. ಬಗ್ಗಲಾರದವರಿಗೆಂದು ಮೆಸ್ಸಿನಿಂದ ಆರು ಕುರ್ಚಿ ತಂದಿಟ್ಟೆ. ಕುರ್ಚಿಯಲ್ಲಿ ಕೂತು ಮಾಡುವುದೂ ಯೋಗವೇ, ಬೆನ್ನಿಗೆ ಅದೇ ಒಳ್ಳೆಯದು ಎಂದು ನಾನೇ ಕೂತು ತೋರಿಸಿದೆ. "ಅದೆಲ್ಲ ರಿಟೈರ್ ಆದ್ಮೇಲೆ ಸಾರ್," ಎಂದರು ಅಕೌಂಟೆಂಟ್. ಅಲ್ಲಿಂದ ಮುಂದೆ ಆ ಕುರ್ಚಿಗಳು ಅಂಗಿ ನೇತುಹಾಕುವುದಕ್ಕೆ ಬಳಕೆಯಾದವು.

ಆ ಅಂಗಿಗಳಲ್ಲಿ ಒಂದು ಉಡುಪಿ ಕಡೆಯ ಫೋರ್ಕ್‌ಲಿಫ್ಟ್ ಚಾಲಕರದು. ನಲವತ್ತೆಂಟರ ಸುಮಾರಿನ ಬ್ಯಾರಿ ಮನುಷ್ಯ. ಹದಿನಾರು ವರ್ಷದಿಂದ ಶೀತಲ ಗೋದಾಮಿನಲ್ಲಿ ಎಡಗೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ, ಬಲಗೈಯಲ್ಲಿ ಲಿವರ್ ಎಳೆಯುತ್ತ, ಮೊಸರಿನ ಡಬ್ಬಿಗಳ ಅಟ್ಟಿ ಏರಿಸಿ ಇಳಿಸಿದವರು. ಮಾತು ಕಡಿಮೆ. ಎಲ್ಲರಿಗಿಂತ ಮುಂಚೆ ಬಂದು ಹಾಲ್‌ನ ಧೂಳು ಗುಡಿಸುತ್ತಿದ್ದರು. ತರಗತಿ ಮುಗಿದ ಮೇಲೆ ಅಂಗಿ ಹಾಕಿಕೊಳ್ಳುವಾಗ ಮೊದಲು ಎಡಗೈಯನ್ನು ತೋಳಿಗೆ ತೂರಿಸಿ, ಬಲಗೈಯಿಂದ ಅಂಗಿಯನ್ನು ಭುಜದವರೆಗೆ ಎಳೆದುಕೊಂಡು, ಆಮೇಲೆ ಬಲಗೈ ಹಾಕುವರು. ನಾಲ್ಕು ತಿಂಗಳು ಪ್ರತಿ ಶುಕ್ರವಾರ ಅದನ್ನು ನೋಡಿದ್ದೇನೆ. ಭುಜ ಕೆಟ್ಟವರು ಹಾಗೆಯೇ ಹಾಕಿಕೊಳ್ಳುತ್ತಾರೆ ಎನ್ನುವುದು ನನಗೆ ಗೊತ್ತಿರುವ ವಿಷಯ. ಆದರೆ ಫಾರಂನಲ್ಲಿ ಫಿಟ್ ಎಂದಿತ್ತಲ್ಲ. ಕಾಗದವನ್ನು ನಂಬಿದರೆ ಕಣ್ಣಿಗೆ ಕೆಲಸ ಕಡಿಮೆ.

ನಾಲ್ಕು ತಿಂಗಳು ತುಂಬಿದ ಆ ಶುಕ್ರವಾರ ನಾನು ಮೊದಲೇ ಸಿಟ್ಟಿನಿಂದ ಕಾದಿದ್ದೆ. ಹಿಂದಿನ ವಾರ ಹೇಳಿಕೊಟ್ಟದ್ದೊಂದೂ ಯಾರಿಗೂ ನೆನಪಿರಲಿಲ್ಲ. ಎಲೆಕ್ಟ್ರಿಷಿಯನ್ ಮೂಲೆಯಲ್ಲಿ ತಲೆಕೆಳಗಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ. ನಾನು ಅವನನ್ನು ಬೈದು ಎಲ್ಲರನ್ನೂ ತಾಡಾಸನಕ್ಕೆ ನಿಲ್ಲಿಸಿದೆ. ಜಗತ್ತಿನಲ್ಲೇ ಸುಲಭವಾದ ಆಸನ. ನೆಟ್ಟಗೆ ನಿಂತು ಕೈ ಎರಡೂ ಮೇಲೆತ್ತುವುದು, ಅಷ್ಟೆ.

"ಕೈ ಕಿವಿಗೆ ತಾಗಬೇಕು," ಎಂದೆ.

ಚಾಲಕರ ಬಲಗೈ ನೆಟ್ಟಗೆ ಏರಿತು. ಎಡಗೈ ಅರ್ಧದಲ್ಲೇ ವಾರೆಯಾಗಿ ನಿಂತಿತು. ಮತ್ತೊಮ್ಮೆ ಹೇಳಿದೆ. ಅದು ಅಲ್ಲೇ ನಿಂತಿತು.

"ಭುಜದಲ್ಲಿ ನೋವೇನಾದರೂ ಇದೆಯಾ?"

"ಎಂತ ಇಲ್ಲ ಸರ್."

ಈ "ಎಂತ ಇಲ್ಲ" ಕೇಳಿ ಮೈ ಉರಿದುಹೋಯಿತು. ಕಾಗದದಲ್ಲೂ ಇಲ್ಲ, ಬಾಯಲ್ಲೂ ಇಲ್ಲ! "ಇಲ್ಲದಿದ್ದರೆ ಏಳಬೇಕಲ್ಲ, ಯಾಕೆ ಏಳುವುದಿಲ್ಲ?" ಎನ್ನುತ್ತ ಹಿಂದೆ ಹೋಗಿ, ಅವರ ಮೊಣಕೈ ಹಿಡಿದು ಮೇಲಕ್ಕೆ ಒತ್ತಿಬಿಟ್ಟೆ. ಬೆರಳಿನ ನೆಟಿಗೆ ಮುರಿದಂಥ ಸದ್ದಾಯಿತು. ಅವರು ಕೂಗಲಿಲ್ಲ. ಮುಖ ಮಾತ್ರ ಬೂದಿಯಂತಾಯಿತು. ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಹಿಂದಕ್ಕೆ ನಡೆದು, ಅಂಗಿ ಸರಿಸಿ ಕುರ್ಚಿಯ ಮೇಲೆ ಕೂತರು. ನನ್ನನ್ನು ಬಿಟ್ಟರೆ ನಾಲ್ಕು ತಿಂಗಳಲ್ಲಿ ಆ ಕುರ್ಚಿಯಲ್ಲಿ ಕೂತ ಮೊದಲ ಮನುಷ್ಯ ಅವರು.

ನಾನು ಮೊದಲು ಹೇಳಿದ್ದು ಕಂಪನಿಯ ಕ್ಲಿನಿಕ್ಕಿಗೆ ಹೋಗೋಣ ಎಂದು. ಅವರು ತಲೆ ಅಲ್ಲಾಡಿಸಿದರು. "ಬೇಡ ಸರ್. ಇದು ಎರಡು ವರ್ಷದ ನೋವು. ಮುಂದಿನ ತಿಂಗಳು ಮೆಡಿಕಲ್ ಉಂಟು, ಆಮೇಲೆ ಇಕಾಮಾ ರಿನೀವಲ್, ಅದಾದ್ರೆ ಮಾತ್ರ ಈ ದೇಶದಲ್ಲಿ ಇರ್ಲಿಕ್ಕೆ ಆಗುದು. ಹಳೇ ನೋವು ಅಂತ ಗೊತ್ತಾದ್ರೆ ಗಾಡಿಯಿಂದ ಇಳಿಸ್ತಾರೆ. ಇಳಿಸಿದ ಮೇಲೆ ನನಗೆ ಇಲ್ಲಿ ಬೇರೆ ಎಂತ ಕೆಲಸ?"

ನನ್ನ ತಪ್ಪನ್ನು ಮುಚ್ಚಿಕೊಳ್ಳುವುದಕ್ಕೆ ಸಿಟ್ಟಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಹನ್ನೊಂದೂ ಜನರ ಮೇಲೆ ಕೂಗಾಡಿದೆ. ನಿಮ್ಮ ಒಳ್ಳೆಯದಕ್ಕೇ ಕೇಳಿದ್ದು, ನನ್ನ ಹತ್ತಿರವೂ ಸುಳ್ಳು ಬರೆದರೆ ನಾನು ಹೇಗೆ ಕಲಿಸಲಿ, ನಾನೇನು ವೀಸಾ ಕೊಟ್ಟ ಕಫೀಲನೇ, ಏರ್‌ಪೋರ್ಟಿಗೆ ಕಳಿಸುವವನೇ ಎಂದೆಲ್ಲ ಅರಚಿದೆ. ಕಡೆಗೆ ಅಕೌಂಟೆಂಟ್ ಗೋಡೆಯ ಕಡೆ ಕೈ ತೋರಿಸಿದರು.

"ಬೇಜಾರ್ ಮಾಡ್ಕೋಬೇಡಿ ಸಾರ್. ಬರುವಾಗ ಊರಲ್ಲೇ ಮೆಡಿಕಲ್ ಮಾಡ್ಸಿ ಫಿಟ್, ಅನ್‌ಫಿಟ್ ಅಂತ ಬರೀತಾರಲ್ಲ. ಅವತ್ತಿಂದ ಯಾವ ಫಾರಂ ಕೊಟ್ರೂ ನಮ್ ಕೈಗೆ ಅದೊಂದೇ ಬರೋದು. ಆದ್ರೂ ಇದು ಯೋಗದ ಫಾರಂ ಅಲ್ವಾ, ಸೊಂಟದ್ದು ಬರೀಬಹುದೇನೋ ಅಂತ ಪೆನ್ ಹಿಡ್ಕೊಂಡು ಆ ಸ್ಯಾಂಪಲ್ ನೋಡ್ದೆ. ನೀವೂ ಅದನ್ನೇ ಬರ್ದಿದ್ರಿ."

ಹೋಗಿ ನೋಡಿದೆ. ನನ್ನದೇ ದುಂಡನೆಯ ಅಕ್ಷರ: ಫಿಟ್. ಬಿ.ಪಿ. ಎಂಬ ಸಾಲಿನ ಮುಂದೆ ಒಂದು ಗೀಟು. ನಾಲ್ಕು ವರ್ಷದಿಂದ ನಾನು ಬಿ.ಪಿ. ಮಾತ್ರೆ ನುಂಗುತ್ತಿದ್ದೇನೆ. ಕಂಪನಿಯ ಮೆಡಿಕಲ್ ಬಂದರೆ ವಾರದ ಮುಂಚಿನಿಂದ ಉಪ್ಪು ಬಿಡುತ್ತೇನೆ, ಉಸಿರು ಎಳೆದು ಬಿಡುತ್ತ ಸರದಿಯಲ್ಲಿ ನಿಲ್ಲುತ್ತೇನೆ. ಮಾದರಿ ತುಂಬಿದ ಸಂಜೆ ಅದು ನೆನಪಾಗಲೇ ಇಲ್ಲ. ಕೈ ತಾನಾಗಿ ಬರೆದುಬಿಟ್ಟಿತ್ತು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಾನು ಕೊಟ್ಟ ಬದನೆಕಾಯನ್ನೇ ಹನ್ನೊಂದು ಜನ ತಿಂದಿದ್ದರು.

ಚಾಲಕರನ್ನು ನನ್ನ ಕಾರಿನಲ್ಲಿ ಊರೊಳಗಿನ ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಶುಕ್ರವಾರದ ಬೆಳಿಗ್ಗೆ, ರಸ್ತೆ ಖಾಲಿ, ಖರ್ಜೂರದ ತೋಟಗಳ ಮೇಲೆ ಧೂಳು. ಅವರು ಸೀಟ್ ಬೆಲ್ಟ್ ಹಾಕಿಕೊಳ್ಳಲಾರದೆ ಒದ್ದಾಡಿದಾಗ ನಾನೇ ಬಗ್ಗಿ ಹಾಕಿದೆ. ಅರ್ಧ ದಾರಿಯಲ್ಲಿ ಅವರೇ ಮಾತು ತೆಗೆದರು.

"ನಮಾಜಿಗೆ ನಿಲ್ಲುವಾಗ ಕೈ ಎರಡೂ ಕಿವಿವರೆಗೆ ಎತ್ತಲಿಕ್ಕೆ ಉಂಟು ಸರ್. ಎರಡು ವರ್ಷದಿಂದ ಈ ಕೈ ಎಷ್ಟು ಏಳ್ತದೋ ಅಷ್ಟೇ ಎತ್ತುವುದು. ಪಕ್ಕದಲ್ಲಿ ನಿಂತವರು ಯಾರೂ ಕೇಳಿದ್ದಿಲ್ಲ. ಆಗದವನು ಕೂತು ಮಾಡಿದ್ರೂ ಆಗ್ತದೆ, ಮಲಗಿ ಮಾಡಿದ್ರೂ ಆಗ್ತದೆ."

ಅವರು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಸುಮ್ಮನೆ ನೋವು ಮರೆಯಲು ಮಾತಾಡಿದ್ದು. ನನಗೆ ಮಾತ್ರ ಸ್ಟಿಯರಿಂಗ್ ಬಿಟ್ಟು ಇಳಿದುಹೋಗೋಣ ಅನ್ನಿಸಿತು. ಅವರವರ ಮೈ ಅವರವರ ಅಳತೆ ಎಂದು ವಾರವಾರ ಭಾಷಣ ಮಾಡಿದವನು ನಾನು, ಅದನ್ನು ದಿನಕ್ಕೆ ಐದು ಸಲ ಮಾಡುತ್ತಿದ್ದವರು ಅವರು.

ಕ್ಲಿನಿಕ್ಕಿನ ಡಾಕ್ಟರು ಸ್ಕ್ಯಾನ್ ತೆಗೆಸಿ ನೋಡಿದರು. ಭುಜದ ಒಳಗಿನ ಸ್ನಾಯು ಮೊದಲೇ ಸ್ವಲ್ಪ ಹರಿದಿತ್ತು. ಈಗ ಇನ್ನಷ್ಟು ಹರಿದಿದೆ ಎಂದರು; ಚೀಟಿಯಲ್ಲಿ ಬರೆದದ್ದು ಹರಿದಿದೆ ಎಂದಷ್ಟೇ. ಎರಡು ತಿಂಗಳು ಆ ಕೈಗೆ ಕೆಲಸ ಇಲ್ಲ, ವ್ಯಾಯಾಮ ಚಿಕಿತ್ಸೆ ಬೇಕು, ಆಗಲೂ ವಾಸಿಯಾಗದಿದ್ದರೆ ಆಪರೇಷನ್. ಕೈಯನ್ನು ಜೋಳಿಗೆಯಂಥ ಪಟ್ಟಿಯಲ್ಲಿ ಕಟ್ಟಿದರು. ಎರಡು ತಿಂಗಳು ಕೈ ಕಟ್ಟಿಕೊಂಡು ಫೋರ್ಕ್‌ಲಿಫ್ಟ್ ಓಡಿಸುವುದು ಆಗದ ಮಾತು. ಮುಚ್ಚಿಡುವ ದಾರಿ ಅಲ್ಲಿಗೆ ಮುಗಿಯಿತು.

ವಸತಿಗೆ ಮರಳಿದಾಗ ಅಕೌಂಟೆಂಟ್ ಕಾಯುತ್ತಿದ್ದರು. ಕಂಪನಿಯ ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಹಳೆಯ ನೋವನ್ನು ಮುಚ್ಚಿಟ್ಟಿದ್ದರು ಎಂದಾದರೆ ತಪ್ಪು ಚಾಲಕರದು. ಗಾಡಿಗೂ ಅನ್‌ಫಿಟ್, ರಿನೀವಲ್ಲೂ ಇಲ್ಲ. ಚೆನ್ನಾಗಿದ್ದ ಭುಜಕ್ಕೆ ಕಂಪನಿಯ ಹಾಲ್‌ನಲ್ಲಿ ಪೆಟ್ಟಾಯಿತು ಎಂದಾದರೆ ಚಿಕಿತ್ಸೆ ಕಂಪನಿಯದು, ವಾಸಿಯಾಗುವ ತನಕ ಕೂತು ಮಾಡುವ ಕೆಲಸ ಕೊಡಲೇಬೇಕು. "ಆದ್ರೆ ಆವಾಗ ತಪ್ಪು ನಿಮ್ದಾಗತ್ತೆ ಸಾರ್. ಕ್ಲಾಸ್ ಅಂತೂ ಉಳಿಯಲ್ಲ," ಎಂದರು.

ಜುಮ್ಮಾ ನಮಾಜು ಮುಗಿದ ಮೇಲೆ ಸೇಫ್ಟಿ ಆಫೀಸರು ನಮಗಾಗಿ ಕಚೇರಿ ತೆರೆದರು. ಚಾಲಕರನ್ನು ನೋಡಿ ತಾವೇ ಎದ್ದು ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ಒರಟು ಮನುಷ್ಯನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ವರದಿಯ ಹಾಳೆಯನ್ನು ನನ್ನ ಮುಂದೆ ಸರಿಸಿ, ನಡೆದದ್ದನ್ನು ನಡೆದ ಹಾಗೆ ಬರೆಯಿರಿ ಎಂದರು.

ಏನಾಯಿತು ಎಂಬಲ್ಲಿ ಬರೆದೆ: ಕೈ ಮೇಲೆತ್ತಲು ಹೇಳಿದೆ, ಏಳಲಿಲ್ಲ, ಕಲಿಸುವವನಾದ ನಾನು ಬಲವಂತವಾಗಿ ಒತ್ತಿದೆ. ಅಷ್ಟು ನಿಜ. ಅದನ್ನು ಬರೆಯುವಾಗ ಬೆಳಗಿನಿಂದ ಮೊದಲ ಬಾರಿಗೆ ಹಗುರವಾಯಿತು. ಕೆಳಗೆ ಇನ್ನೊಂದು ಸಾಲಿತ್ತು: ಪೆಟ್ಟಾಗುವ ಮೊದಲು ಆ ಭಾಗದ ಸ್ಥಿತಿ.

ಪೆನ್ನು ಅಲ್ಲಿ ನಿಂತಿತು. ಎದುರಿಗೆ ಚಾಲಕರು ಚಹಾದ ಲೋಟವನ್ನು ಬಲಗೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ, ಹಾಳೆಯನ್ನು ನೋಡುತ್ತಿದ್ದರು. ಆಫೀಸರು ಫೈಲಿನಿಂದ, ನಾನೇ ಮೊದಲ ವಾರ ಒಪ್ಪಿಸಿದ್ದ ಅವರ ಯೋಗದ ಫಾರಂ ತೆಗೆದು ಪಕ್ಕದಲ್ಲಿಟ್ಟು, ಇಲ್ಲಿ ಫಿಟ್ ಎಂದಿದೆ, ನೀವು ನಾಲ್ಕು ತಿಂಗಳು ಕಲಿಸಿದವರು, ನಿಮಗೂ ಹಾಗೇ ಕಂಡಿತ್ತೇ ಎಂದು ಕೇಳಿದರು. ಅಂಗಿಯ ಎಡತೋಳು ಮೊದಲು ಏರುವುದು ಕಣ್ಣ ಮುಂದೆ ಬಂತು. ಹದಿನಾರು ಶುಕ್ರವಾರ.

ಫಿಟ್ ಎಂದು ಬರೆದು ಸಹಿ ಹಾಕಿದೆ.

ಆಫೀಸರು ಇನ್ನು ಮೇಲೆ ಹಾಲ್ ಕೊಡಲಾಗುವುದಿಲ್ಲ ಎಂದು ಬೇಸರದಿಂದಲೇ ಹೇಳಿ ಬೀಗದ ಕೈ ವಾಪಸು ಪಡೆದರು. ಚಾಲಕರಿಗೆ ಗೋದಾಮಿನ ಬಾಗಿಲಲ್ಲಿ ಕೂತು ಸರಕಿನ ಚೀಟಿ ನೋಡುವ ಕೆಲಸ ಎಂದು ಅಲ್ಲೇ ಬರೆದರು. ಹೊರಗೆ ಬಂದಾಗ ಬಿಸಿಲು ಮುಖಕ್ಕೆ ಹೊಡೆಯಿತು. ಇಬ್ಬರೂ ನೆರಳಿಗೆ ಬಂದು ನಿಂತೆವು.

"ನೀವು ಸುಳ್ಳು ಬರೆಯುವ ಜನ ಅಲ್ಲ ಸರ್," ಎಂದರು ಅವರು.

"ಅಲ್ಲ," ಎಂದೆ. ನನ್ನ ದನಿಯಲ್ಲಿ ಇನ್ನೂ ಸಿಟ್ಟಿತ್ತು.

ಅವರು ಪಟ್ಟಿಯೊಳಗಿನ ಕೈಯನ್ನು ಸ್ವಲ್ಪ ಸರಿಮಾಡಿಕೊಂಡರು.

"ನಾನು ಸಹ ಅಲ್ಲ ಮಾರಾಯ್ರೆ," ಎಂದರು.